ತುರುಬಿನ ಕಡ್ಡಿಯ ಬೇವಿನ ಎಲೆ

ಕಂತು ಒಂಬತ್ತು

"ಅಕ್ಕಿ ಡಬ್ಬಿಯೊಳಗೆ ಯಾಕೆ ಬಚ್ಚಿಟ್ಟಿರಿ?"

ಪೊಲೀಸ್ ಕಮಿಸ್ಸಾರ್ ಹೆಸ್ಸೆಲ್ ಈ ಪ್ರಶ್ನೆ ಕೇಳಿದ್ದು ಇದು ಮೂರನೆಯ ಸಲ. ಗ್ರೇಸ್ ಅದನ್ನು ಕನ್ನಡಕ್ಕೆ ತಂದದ್ದೂ ಮೂರನೆಯ ಸಲ.

"ಬಚ್ಚಿಟ್ಟಿಲ್ರೀ ಅಕ್ಕಾರ," ಅಂದಳು ಪವಿ. "ಇಟ್ಟೀನಿ, ಅಷ್ಟ. ಬಂಗಾರ ಬೆಳ್ಳಿ ಮತ್ತೆಲ್ಲಿಡ್ತಾರ್ರೀ? ನಮ್ಮವ್ವ ಜ್ವಾಳದ ಗಡಿಗ್ಯಾಗ ಇಡ್ತಿದ್ಲು. ಇಲ್ಲಿ ಗಡಿಗಿ ಇಲ್ಲ, ಡಬ್ಬ್ಯಾಗ ಇಟ್ಟೆ."

ಗ್ರೇಸ್ ಅದನ್ನೂ ಜರ್ಮನ್‌ಗೆ ತಿರುಗಿಸಿದಳು. ಮೂಲೆಯಲ್ಲಿ ಕುಳಿತ ಹುಡುಗಿ ಟಪಟಪನೆ ಟೈಪ್ ಮಾಡಿದಳು. ಬಾಗಲಕೋಟೆ ಕಡೆಯ ಕಳ್ಳನಿಗೂ ಗೊತ್ತು, ಮನೆಗೆ ನುಗ್ಗಿದರೆ ಮೊದಲು ಕೈ ಹಾಕಬೇಕಾದ್ದು ಕಾಳಿನ ಗಡಿಗೆಗೆ ಎಂದು. ಆದರೆ ಫ್ರಾಂಕ್‌ಫರ್ಟ್ ಪೊಲೀಸರ ಕಡತದಲ್ಲಿ ಅದು 'ಆಹಾರ ಪದಾರ್ಥದೊಳಗೆ ಹೂತು ಮರೆಮಾಚಿದ ವಸ್ತು' ಎಂದು ದಾಖಲಾಗಿತ್ತು.

ಆ ವಸ್ತು ಈಗ ಮೇಜಿನ ಮೇಲೆ ಬಿಳಿ ಕಾಗದದಲ್ಲಿ ಮಲಗಿತ್ತು. ಗೇಣುದ್ದದ ಬೆಳ್ಳಿಯ ತುರುಬಿನ ಕಡ್ಡಿ. ಎರಡು ಕಾಲು, ತಲೆಯ ಮೇಲೆ ಎರಡು ಬಾತುಕೋಳಿ, ಕೊಕ್ಕಿಗೆ ಕೊಕ್ಕು.

ಕೆಳಗಿನ ಮನೆಯ ಚೀನೀ ಮುದುಕಿ ಫ್ರೌ ಶೆನ್, ಅಂದರೆ ಶ್ರೀಮತಿ ಶೆನ್, ಮಂಗಳವಾರ ಬೆಳಿಗ್ಗೆ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದಳು, ಹಿಂದಿನ ಸಂಜೆ ಯಾರೋ ತಳ್ಳಿದ್ದರು. ಅವಳ ಕಡ್ಡಿ ಮೇಲಿನ ಮನೆಯ ಪವಿಯ ಅಕ್ಕಿಯಲ್ಲಿ ಸಿಕ್ಕಿತ್ತು. ಇಷ್ಟೇ ಕಥೆ. ಆದರೆ ಇಷ್ಟನ್ನೇ ಇಟ್ಟುಕೊಂಡು ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನ್ಯಾಯಾಧೀಶರು ಇಪ್ಪತ್ನಾಲ್ಕರ ಈ ಹುಡುಗಿಯನ್ನು ಜೈಲಿಗೆ ಕಳಿಸುವುದೋ ಮನೆಗೆ ಕಳಿಸುವುದೋ ಎಂದು ತೀರ್ಮಾನಿಸುವವರಿದ್ದರು.

ಗ್ರೇಸ್ ಲೋಬೋ ಮಂಗಳೂರಿನಿಂದ ನರ್ಸ್ ಆಗಿ ಈ ದೇಶಕ್ಕೆ ಬಂದು ಇಪ್ಪತ್ತೊಂಬತ್ತು ವರ್ಷ. ಬೆನ್ನು ಕೈಕೊಟ್ಟ ಮೇಲೆ ಆಸ್ಪತ್ರೆ ಬಿಟ್ಟು, ಕೋರ್ಟಿನ ಪ್ರಮಾಣಿತ ದುಭಾಷಿಯಾಗಿದ್ದಳು. ಹೇಳಿದ್ದನ್ನು ಹೇಳಿದಂತೆ ಹೇಳುತ್ತೇನೆ, ಒಂದಕ್ಷರ ಕೂಡಿಸುವುದಿಲ್ಲ, ಒಂದಕ್ಷರ ಕಳೆಯುವುದಿಲ್ಲ ಎಂದು ಪ್ರಮಾಣ ಮಾಡಿದ ಬಾಯಿ ಅದು. ಕಣ್ಣು ತನ್ನದು, ಬಾಯಿ ಮಾತ್ರ ಸರಕಾರದ್ದು. ಪತ್ತೇದಾರಿಕೆಗೆ ಇದಕ್ಕಿಂತ ಅನ್ಯಾಯದ ಜಾಗ ಮತ್ತೊಂದಿಲ್ಲ.

"ವಕೀಲರು ಬೇಡವೆಂದು ಸಹಿ ಹಾಕಿದ್ದೀರಿ. ಈಗಲೂ ಬೇಡವೇ?" ಹೆಸ್ಸೆಲ್ ಕೇಳಿದ.

"ಬ್ಯಾಡ್ರಿ. ನಮ್ಮ ಮನಿಯವ್ರು ಬ್ಯಾಡಂದಾರ. ಖರೇ ಹೇಳೋರಿಗೆ ವಕೀಲ್ರು ಯಾಕ ಅಂದ್ರು."

ಮನೆಯವರೆಂದರೆ ಸುನಿಲಕುಮಾರ. ಜರ್ಮನಿಯ ಗ್ರೀನ್ ಕಾರ್ಡಿನ ಮೇಲೆ ಬಂದ ಇಂಜಿನಿಯರ್. ಅವನಿದ್ದ ಕಂಪನಿ ಹೋದ ಶರತ್ಕಾಲದಲ್ಲೇ ಬಾಗಿಲು ಹಾಕಿಕೊಂಡಿತ್ತು. ಅಂದಿನಿಂದ ಮನೆಯಲ್ಲೇ ಇದ್ದ. ಹೆಂಡತಿಯನ್ನು ಪೊಲೀಸರು ಕರೆದೊಯ್ಯುವಾಗ ಬಾಗಿಲವರೆಗೆ ಬಂದು, ಅವಳ ಕೋಟಿನ ಗುಂಡಿ ಹಾಕಿ ಕಳಿಸಿದ್ದ.

'ಎಂತ ಬುದ್ಧಿ ಮಾರಾಯ್ತಿ ಇದು, ವಕೀಲರನ್ನು ಕೇಳು' ಎಂಬ ಮಾತು ಗ್ರೇಸಳ ಗಂಟಲವರೆಗೆ ಬಂದು ನಿಂತಿತು. ಆಡುವಂತಿರಲಿಲ್ಲ. 'ಬೇಡ' ಎಂದಷ್ಟೇ ಜರ್ಮನ್‌ನಲ್ಲಿ ಹೇಳಿದಳು.

ಹೆಸ್ಸೆಲ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಮನಸ್ಸಿನಲ್ಲಿ ಬೈದುಕೊಂಡಾದರೂ ಸಮಾಧಾನ ತಂದುಕೊಳ್ಳಬಹುದಿತ್ತು. ಪವಿಗೆ ತಾನೇ ಚಹಾ ತಂದುಕೊಟ್ಟಿದ್ದ, ಹಾಲು ಬೇಕೇ ಎಂದೂ ವಿಚಾರಿಸಿದ್ದ.

"ಫ್ರೌ ಶೆನ್ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಿರಿ?"

ಪವಿ ಮೊದಲ ಬಾರಿಗೆ ನಕ್ಕಳು. "ಭಾಷಾ ಎಲ್ಲೀದ್ರಿ? ಕೈಲೆ ಮಾತಾಡ್ತಿದ್ವಿ."

ಹೋದ ವರ್ಷ ಚಳಿಗಾಲದಲ್ಲಿ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ಇಬ್ಬರಿಗೂ ಮೊದಲ ಭೇಟಿ. ಪವಿಗೆ ಕಿವಿ ಕಟ್ಟಿ ತಲೆನೋವು ಬಂದಿತ್ತು. ಮುದುಕಿ ತನ್ನ ತುರುಬಿನಿಂದ ಸಣ್ಣದೊಂದು ಬೆಳ್ಳಿ ಕಡ್ಡಿ ಎಳೆದು ತುದಿ ತೋರಿಸಿದಳು. ತುದಿಯಲ್ಲಿ ಎಳ್ಳಿನ ಗಾತ್ರದ ಸೌಟು. ಕಿವಿ ಗುಗ್ಗೆ ತೆಗೆಯುವ ಕಡ್ಡಿ! ಗುಳೇದಗುಡ್ಡದಲ್ಲಿ ಪವಿಯ ಅಜ್ಜಿಯ ಸೊಂಟದ ಬೀಗದ ಕೈ ಗೊಂಚಲಲ್ಲಿ ನೇತಾಡುತ್ತಿದ್ದದ್ದೂ ಇದೇ. ಅಲ್ಲೇ ವಾಷಿಂಗ್ ಮಷೀನಿನ ಪಕ್ಕ ಮುದುಕಿಯ ತೊಡೆಯ ಮೇಲೆ ತಲೆಯಿಟ್ಟು ಪವಿ ಕಿವಿ ಶುಚಿ ಮಾಡಿಸಿಕೊಂಡಳು. ಆಮೇಲಿಂದ ಪವಿಗೆ ಅವಳು ಫ್ರೌ ಶೆನ್ ಅಲ್ಲ, ಆಯಿ, ಅಜ್ಜಿ.

ಆಯಿಯ ಮನೆಯ ಗೋಡೆಯುದ್ದದ ಕಪಾಟಿನಲ್ಲಿ ನೂರಾರು ಕಡ್ಡಿಗಳಿದ್ದವು. ಹವಳದ್ದು, ಹಸಿರು ಕಲ್ಲಿನದು, ಮಿಂಚುಳ್ಳಿ ಗರಿ ಅಂಟಿಸಿದ್ದು, ನಡೆದರೆ ಅಲುಗಾಡುವ ಮುತ್ತಿನ ಎಳೆಗಳದ್ದು. ಪವಿ ಅಕ್ಕಸಾಲಿ ಪತ್ತಾರ ಚನ್ನಮಲ್ಲಪ್ಪನ ಒಬ್ಬಳೇ ಮಗಳು, ಗಂಡುಮಕ್ಕಳಿಲ್ಲದ ಮನೆಯಲ್ಲಿ ಅಪ್ಪನ ಅಗ್ಗಿಷ್ಟಿಕೆ ಮುಂದೆ ಊದುಗೊಳವೆ ಹಿಡಿದೇ ಬೆಳೆದವಳು. ಆ ಕಪಾಟಿನ ಮುಂದೆ ಕುಳಿತರೆ ಅವಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

"ಈ ಕಡ್ಡಿಯೂ ಆ ಕಪಾಟಿನಲ್ಲಿತ್ತೇ?"

"ಇಲ್ರಿ. ಇದು ದಿಂಬಿನ ಬುಡಕ ಇತ್ತು. ಕೆಂಪು ಅರಿವ್ಯಾಗ ಸುತ್ತಿ. ಅರ್ಧ ಮುರದಿತ್ತು. ಒಂದ ಕಾಲು, ಒಂದ ಹಕ್ಕಿ."

"ನಿಮಗೆ ಅದು ಹೇಗೆ ಸಿಕ್ಕಿತು?"

"ಜನವರಿ ಒಳಗ ಆಯಿಗೆ ಕಫ ಆಗಿ ದವಾಖಾನ್ಯಾಗ ಇದ್ರಲ್ರಿ. ಗಿಡಕ್ಕ ನೀರ ಹಾಕ್ಲಿಕ್ಕೆ ಕೀಲಿ ನನ್ನ ಕೈಗೆ ಕೊಟ್ಟಿದ್ರು. ಹಾಸಿಗಿ ಝಾಡಿಸಿದಾಗ ಕಂಡ್ತು." ಪವಿ ದನಿ ತಗ್ಗಿಸಿದಳು. "ಭಿನ್ನ ಆದದ್ದು ಮನ್ಯಾಗ ಇಟ್ಕೋಬಾರದ್ರಿ. ಅದೂ ದಿಂಬಿನ ಬುಡಕ. ಅದಕ್ಕ ಆಯಿಗೆ ಆರಾಮಿಲ್ಲ ಅಂದ್ಕೊಂಡೆ. ಮನಿಗೆ ಬರೂದ್ರಾಗ ಸರಿಮಾಡಿ ಕೊಟ್ರ ಖುಷಿ ಆಗ್ತಾರ ಅಂತ..."

"ಕೇಳದೆ ತೆಗೆದುಕೊಂಡಿರಿ."

ಗ್ರೇಸ್ ಅನುವಾದಿಸಿದಳು. ಪವಿಯ ಕಣ್ಣು ಕೆಳಗಾಯಿತು. "ಹೌದ್ರಿ."

ಬೌಮಾರ್ಕ್ಟ್ ಎಂಬ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಲ್ಲಿ ಬೆಸೆಯುವ ಸಣ್ಣ ಗ್ಯಾಸ್ ಬರ್ನರ್ ತಂದಿದ್ದಳು. ತನ್ನ ಒಂದು ಕಾಲಿನ ಗೆಜ್ಜೆಯನ್ನೇ ಕರಗಿಸಿ ಕಡ್ಡಿಗೆ ಎರಡನೆಯ ಕಾಲು ಎಳೆದಳು, ಎದುರು ಹಕ್ಕಿಯನ್ನು ತಿದ್ದಿದಳು, ಮುರಿದ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ ಬೆಸುಗೆ ಹಾಕಿದಳು. ಅಡುಗೆಮನೆಯ ಒಲೆಯ ಪಕ್ಕ ಮೂರು ಮಧ್ಯಾಹ್ನದ ಕೆಲಸ. ಸಂಕ್ರಾಂತಿಯ ದಿನ ಆಯಿ ಆಸ್ಪತ್ರೆಯಿಂದ ಬಂದಾಗ ಕುಸುರೆಳ್ಳಿನ ಜೊತೆ ಅದನ್ನೂ ಕೈಯಲ್ಲಿಟ್ಟಿದ್ದಳು.

"ಆಯಿ ಅದನ್ನ ನೋಡಿ ಗ್ವಾಡಿ ಕಡೆ ಮಾರಿ ಮಾಡಿ ಕುಂತ್ರು. ಭಾಳ ಹೊತ್ತು ಅತ್ರು. ನಾ ಖುಷೀಲೆ ಅಳಾಕತ್ತಾರ ಅಂದ್ಕೊಂಡೆ."

"ಆಮೇಲೆ?"

"ಆಮ್ಯಾಲ ಕಡ್ಡಿ ನನ್ನ ಕೈಗೇ ಕೊಟ್ಟು ತಲಿ ತೋರಿಸಿದ್ರು. ನಾನ ತುರುಬಿಗೆ ಸಿಗಿಸಿದೆ. ಅವತ್ತಿಂದ ದಿನಾ ಮುಡೀತಿದ್ರು. ಸೋಮವಾರ ಬೆಸಿಗಿ ಸಡ್ಲ ಆಗೇತಿ ಅಂತ ತಾವ ತಂದ್ಕೊಟ್ರು. ಮರುದಿನ ಮಾಡೋಣಂತ ಡಬ್ಬ್ಯಾಗ ಇಟ್ಟೆ." ಅವಳು ಕಡ್ಡಿಯತ್ತ ನೋಡಿದಳು. "ಅವತ್ತ ಮಾಡಿಕೊಟ್ಟಿದ್ರ, ಆಯಿ ತುರುಬು ಕಟ್ಕೊಂಡಾದ್ರೂ ಸಾಯ್ತಿದ್ರು. ಕೂದ್ಲ ಬಿಟ್ಕೊಂಡು ಸತ್ರಲ್ರೀ."

ಇದನ್ನು ಅನುವಾದಿಸುವಾಗ ಗ್ರೇಸ್ ಅರ್ಧಕ್ಕೆ ನಿಂತಳು. ದುಭಾಷಿ ನಿಲ್ಲಬಾರದು. ನೀರು ಕುಡಿದು ಉಳಿದರ್ಧ ಹೇಳಿದಳು.

ಹೆಸ್ಸೆಲ್ ಒಂದು ಕಾಗದ ಎತ್ತಿಕೊಂಡ. ವಸ್ತುಸಂಗ್ರಹಾಲಯದ ವಿದುಷಿಯೊಬ್ಬಳು ಬರೆದುಕೊಟ್ಟ ಟಿಪ್ಪಣಿ. ಅವನು ಓದಿದ, ಗ್ರೇಸ್ ಪವಿಗೆ ಹೇಳುತ್ತಾ ಹೋದಳು. ಚೀನಾದಲ್ಲಿ ಹಿಂದೆ ಹುಡುಗಿಗೆ ಹದಿನೈದಾದರೆ ಕೂದಲನ್ನು ಮೇಲೆ ಕಟ್ಟಿ ಕಡ್ಡಿ ಸಿಗಿಸುತ್ತಿದ್ದರು. ಅಂದಿನಿಂದ ಅವಳು ಮದುವೆಗೆ ಬಂದವಳು. ಒಂದು ಕಾಲದಲ್ಲಿ ಹೆಣ್ಣು ನೋಡಲು ಹೋದ ಗಂಡಿನವರು ಒಪ್ಪಿಗೆಯಾದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹುಡುಗಿಯ ಮುಡಿಗೆ ಕಡ್ಡಿ ಸಿಗಿಸುತ್ತಿದ್ದರು. ಒಪ್ಪಿಗೆಯಾಗದಿದ್ದರೆ ಹುಡುಗಿ ಬೆದರಿದ್ದಕ್ಕೆ ಸಮಾಧಾನವೆಂದು ರೇಷ್ಮೆ ಬಟ್ಟೆ ಕೊಟ್ಟು ಎದ್ದು ಹೋಗುತ್ತಿದ್ದರು. ಸೂತಕದಲ್ಲಿ ಚಿನ್ನ, ಮುತ್ತು ತೆಗೆದಿಟ್ಟು ಮರದ್ದೋ ಮೂಳೆಯದ್ದೋ ಕಡ್ಡಿ.

ಪವಿ ಬಾಯಿ ತೆರೆದು ಕೇಳುತ್ತಿದ್ದಳು. ಎಲ್ಲಿದ್ದೇನೆ, ಯಾಕಿದ್ದೇನೆ ಎಂಬುದೇ ಅವಳಿಗೆ ಅರೆಗಳಿಗೆ ಮರೆತಂತಿತ್ತು. "ನಮ್ಮಲ್ಲಿನೂ ಹಂಗ ನೋಡ್ರಿ, ಹೂವ ಮುಡಿಸಿದ್ರ ನಿಶ್ಚಯ ಆದಂಗ," ಅಂದಳು. ಗ್ರೇಸ್ ಅದನ್ನೂ ಅನುವಾದಿಸಬೇಕಾಯಿತು. ಹೆಸ್ಸೆಲ್‌ಗೆ ಅದರಲ್ಲಿ ಬರೆದುಕೊಳ್ಳುವಂಥದ್ದೇನೂ ಕಾಣಲಿಲ್ಲ.

"ಎರಡು ಕಾಲಿನ ಕಡ್ಡಿಯ ವಿಷಯವನ್ನು ಇನ್ನೊಬ್ಬರು ಹೇಳುತ್ತಾರೆ," ಎಂದು ಅವನು ಬಾಗಿಲು ತೆರೆದ.

ಒಳಗೆ ಬಂದವನು ಚೀನೀ ಗೃಹಸ್ಥ ಹೆರ್ ತಾಂಗ್. ನಲವತ್ತರ ಆಸುಪಾಸು, ಬೂದು ಸೂಟು, ಕೈಯಲ್ಲಿ ರೇಷ್ಮೆಯ ಸಣ್ಣ ಚೀಲ. ಪವಿಗೂ ಗ್ರೇಸಳಿಗೂ ಬಗ್ಗಿ ವಂದಿಸಿ ಕುಳಿತ. ಅವನ ಜರ್ಮನ್ ಎಷ್ಟು ಚೊಕ್ಕವಾಗಿತ್ತೆಂದರೆ ಇಪ್ಪತ್ತೊಂಬತ್ತು ವರ್ಷ ಇಲ್ಲಿ ಬಾಳಿದ ಗ್ರೇಸಳಿಗೇ ನಾಚಿಕೆಯಾಯಿತು.

"ನನ್ನ ತಂದೆ ಫ್ರೌ ಶೆನ್ ಅವರ ಮೊದಲ ಗಂಡ," ಅಂದ ಅವನು. "ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ ಬಂದರಿನಲ್ಲಿ ಇಬ್ಬರೂ ಬೇರೆಯಾದರು. ಅವರು ಹಡಗು ಹತ್ತಿದರು, ತಂದೆಗೆ ಹತ್ತಲಾಗಲಿಲ್ಲ. ಹತ್ತುವ ಮುನ್ನ ತುರುಬಿನಿಂದ ಈ ಕಡ್ಡಿ ತೆಗೆದು ಎರಡಾಗಿ ಮುರಿದು, ಒಂದು ಕಾಲು ಗಂಡನ ಕೈಗೆ ಕೊಟ್ಟರು."

"ಯಾಕೆ ಮುರಿಯುತ್ತಾರೆ?" ಹೆಸ್ಸೆಲ್ ಕೇಳಿದ. ಉತ್ತರ ಅವನಿಗೆ ಗೊತ್ತಿತ್ತು. ಕಡತಕ್ಕೆ ಬೇಕಿತ್ತು.

"ನಮ್ಮಲ್ಲಿ ಅಗಲುವ ಗಂಡಹೆಂಡಿರು ಹಾಗೆ ಮಾಡುತ್ತಿದ್ದರು. ಮತ್ತೆ ಭೇಟಿಯಾದ ದಿನ ಎರಡು ತುಂಡನ್ನೂ ಇಟ್ಟು ನೋಡುವುದು. ಮುರಿದ ಅಂಚಿಗೆ ಅಂಚು ಕೂಡಿದರೆ ಬಂದವನು ಅವನೇ. ಮುಖ ಮರೆಯಬಹುದು, ಮುರಿದ ಅಂಚು ಸುಳ್ಳು ಹೇಳುವುದಿಲ್ಲ." ತಾಂಗ್ ಮೇಜಿನ ಮೇಲಿನ ಕಡ್ಡಿಯತ್ತ ಬೆರಳು ತೋರಿಸಿದ. "ಈಕೆ ಆ ಅಂಚನ್ನೇ ಅರದಿಂದ ಉಜ್ಜಿಹಾಕಿದ್ದಾಳೆ. ಐವತ್ನಾಲ್ಕು ವರ್ಷ ಒಬ್ಬ ಹೆಂಗಸು ದಿಂಬಿನಡಿ ಕಾದಿಟ್ಟದ್ದನ್ನು."

ಗ್ರೇಸ್ ನಿಧಾನವಾಗಿ ಹೇಳಿದಳು. ಹೇಳದಿರಲು ದಾರಿಯಿರಲಿಲ್ಲ. ಒಂದೊಂದೇ ವಾಕ್ಯ ಪವಿಯ ಮುಖದ ಮೇಲೆ ಬೀಳುವುದನ್ನು ನೋಡುತ್ತಲೇ ಹೇಳಿದಳು.

ಪವಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯ ನಮ್ಮಪ್ಪಾ... ಬೇಕಂತನ ಮುರದಿದ್ದೇನ್ರಿ ಅದು? ನಾ ಅಪಶಕುನ ಅಂತ ತಿಳದು ಬೆಸದ್ನೆಲ್ರೀ. ಆಯಿ ಅತ್ತದ್ದು ಅದಕ್ಕೇನ್ರಿ?"

ಅದಕ್ಕೇ ಅತ್ತಿರಬೇಕು. ಹಾಗಿದ್ದರೆ ಮರುಗಳಿಗೆ ಅದನ್ನು ಮುಡಿದದ್ದೇಕೆ? ಐವತ್ನಾಲ್ಕು ವರ್ಷ ಕಾದು ಸಾಕಾಗಿ, ಮೇಲಿನ ಮನೆಯ ಹುಡುಗಿಯ ಗೆಜ್ಜೆಯ ಬೆಳ್ಳಿಯಿಂದಾದರೂ ಪೂರ್ತಿಯಾಯಿತಲ್ಲ ಎಂದುಕೊಂಡಳೋ? ಉತ್ತರ ತಿಳಿದಿದ್ದ ಹೆಂಗಸು ಶವಾಗಾರದಲ್ಲಿದ್ದಳು.

"ಈ ಜೋಡಿಸಿದ ಕಡ್ಡಿಯನ್ನು ನೀವು ಮೊದಲು ನೋಡಿದ್ದೀರಾ?" ಹೆಸ್ಸೆಲ್ ಕೇಳಿದ.

"ಇಲ್ಲ, ಇದೇ ಮೊದಲು. ಫ್ರೌ ಶೆನ್ ಅವರನ್ನೂ ಜೀವಂತ ನೋಡುವ ಭಾಗ್ಯ ಬರಲಿಲ್ಲ. ಜನವರಿ ಕೊನೆಯಲ್ಲಿ ನನ್ನ ತುಂಡಿನ ಫೋಟೊ ಇಟ್ಟು ಕಾಗದ ಬರೆದಿದ್ದೆ. ಸೋಮವಾರ ವಿಮಾನ ಇಳಿದೆ. ಮಂಗಳವಾರ ಮನೆ ಹುಡುಕಿಕೊಂಡು ಹೋದರೆ ಬಾಗಿಲಲ್ಲಿ ಪೊಲೀಸರು."

ಟಪಟಪ ಸದ್ದು. ಆ ಮಾತು ಕಡತಕ್ಕೆ ಹೋಯಿತು.

"ನಿಮ್ಮ ತುಂಡು?"

ತಾಂಗ್ ರೇಷ್ಮೆ ಚೀಲ ಬಿಚ್ಚಿದ. ಕಪ್ಪುಗಟ್ಟಿದ ಬೆಳ್ಳಿಯ ಒಂದು ಕಾಲು, ಮೇಲೊಂದು ಬಾತುಕೋಳಿ. ಅದನ್ನು ಪವಿ ಬೆಸೆದ ಕಡ್ಡಿಯ ಪಕ್ಕದಲ್ಲಿಟ್ಟ. ಹೆಸ್ಸೆಲ್ ಮೇಜಿನ ದೀಪವನ್ನು ಹತ್ತಿರಕ್ಕೆಳೆದ.

ಆಯಿಯ ಹಳೆಯ ತುಂಡಿನ ಹಕ್ಕಿಗೆ ಕೊಕ್ಕು ಖಾಲಿ. ಪವಿ ಮಾಡಿ ಸೇರಿಸಿದ ಹಕ್ಕಿಯ ಕೊಕ್ಕಿನಲ್ಲಿ ಒಂದು ಎಲೆ. ಕುಡುಗೋಲಿನಂತೆ ಬಾಗಿದ, ಗರಗಸದ ಅಂಚಿನ, ಒಂದು ಮಗ್ಗುಲು ಇನ್ನೊಂದಕ್ಕಿಂತ ದೊಡ್ಡದಿರುವ ಎಲೆ. ಅದರ ಬುಡದಲ್ಲಿ ಮೂರು ಪುಟ್ಟ ಬೆಳ್ಳಿ ಗುಂಡು, ಅಂದರೆ ರವೆ, ಮೂರನೆಯದು ಕರಗಿ ಹರಡಿತ್ತು.

ತಾಂಗ್‌ನ ಹಕ್ಕಿಯ ಕೊಕ್ಕಿನಲ್ಲೂ ಅದೇ ಎಲೆ. ಅದೇ ಬಾಗು, ಅದೇ ಗರಗಸ. ಬುಡದಲ್ಲಿ ಮೂರು ರವೆ, ಮೂರನೆಯದು ಕರಗಿ ಹರಡಿತ್ತು.

ಪವಿ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ಎಲೆಯತ್ತ ಬೆರಳು ಮಾಡಿದಳು.

"ಅಕ್ಕಾರ! ಇದು ನಮ್ಮಪ್ಪನ ಎಲಿ! ಬೇವಿನ ಎಲಿ! ಇದು ಚೀನಾದ್ದಲ್ರೀ, ನಮ್ಮ ಮನೀದು!"

ತಾಂಗ್‌ನ ಮುಖದಲ್ಲಿ ಗೆರೆಯೂ ಅಲುಗಲಿಲ್ಲ. ಅವನನ್ನು ಹೊರಗೆ ಕೂರಿಸಿ ಬಂದು ಹೆಸ್ಸೆಲ್ ಬಾಗಿಲು ಹಾಕಿದ. "ನಿಧಾನವಾಗಿ ಹೇಳಲಿ," ಅಂದ.

ಪವಿ ನಿಧಾನ ಎಲ್ಲಿಂದ ತರಬೇಕು? ಮಾತುಗಳು ಒಂದರ ಮೇಲೊಂದು ಬಿದ್ದು ಬಂದವು. ಖಾಲಿ ಕೊಕ್ಕು ನೋಡಿ ತಡೆಯಲಾಗದೆ, ತಾನು ಮಾಡಿದ ಹಕ್ಕಿಯ ಬಾಯಿಗೆ ಅಪ್ಪನ ಗುರುತು ಇಟ್ಟಿದ್ದಳು. ಅಪ್ಪ ಮಾಡಿದ ಪ್ರತಿ ಒಡವೆಯಲ್ಲೂ ಒಂದು ಬೇವಿನ ಎಲೆ, ಮೂರು ರವೆ ಇರುತ್ತಿತ್ತು. ಕೊಡುವವನಿಗೆ, ಮಾಡುವವನಿಗೆ, ತೊಡುವವಳಿಗೆ ಎಂದು ಮೂರು. ನಲ್ಲಿ ಬೆಸೆಯುವ ಬರ್ನರಿನ ಉರಿ ಹಿಡಿತಕ್ಕೆ ಸಿಗದೆ ಮೂರನೆಯ ರವೆ ಕರಗಿ ಹೋಗಿತ್ತು.

"ಐವತ್ತು ವರ್ಷದ ಹಿಂದಿನ ಚೀನಾದ ಕಡ್ಡ್ಯಾಗ ನನ್ನ ತಪ್ಪು ಹ್ಯಾಂಗ ಬಂತ್ರಿ? ಅಂವ ನಾ ಮಾಡಿದ್ದನ್ನ ನೋಡಿ ಹೊಸಾದು ಮಾಡಿಸ್ಯಾನ್ರಿ. ಮೊದಲ ನೋಡಿಲ್ಲ ಅಂದದ್ದು ಸುಳ್ಳು!"

ಸಿಕ್ಕಿತು, ಸಿಕ್ಕಿತು ಎಂದುಕೊಳ್ಳುತ್ತಲೇ ಅನುವಾದಿಸಿದಳು. ಮಗ ಎಂದು ಹೇಳಿಕೊಂಡು ಬಂದವನು ಮಗನಲ್ಲ. ಆ ನೂರಾರು ಕಡ್ಡಿಗಳ ಕಪಾಟಿಗೆ ವಾರಸುದಾರನಾಗಲು ಬಂದವನು.

ಹೆಸ್ಸೆಲ್ ಭೂತಗನ್ನಡಿ ಹಿಡಿದು ಎರಡೂ ಎಲೆಗಳನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕನ್ನಡಿ ಕೆಳಗಿಟ್ಟು, "ಎರಡೂ ಒಂದೇ. ಒಪ್ಪುತ್ತೇನೆ," ಅಂದ.

ಗ್ರೇಸ್ ಅದನ್ನು ಪವಿಗೆ ಬೇಗ ಬೇಗ ಹೇಳಿದಳು.

"ಅಂದರೆ ಒಂದನ್ನು ನೋಡಿ ಇನ್ನೊಂದನ್ನು ಮಾಡಲಾಗಿದೆ. ಹೆರ್ ತಾಂಗ್ ಜನವರಿಯಲ್ಲಿ ಫೋಟೊ ಕಳಿಸಿದ್ದಾರೆ. ನಿಮ್ಮ ಕೈಯಲ್ಲಿ ಆ ಮನೆಯ ಕೀಲಿ ಇತ್ತು. ನೀವು ಫೋಟೊ ನೋಡಿ ನಕಲು ಮಾಡಿದಿರಿ, ಕರಗಿದ ರವೆಯನ್ನೂ ಬಿಡದೆ. ಫೋಟೊ ಬರುವುದಕ್ಕೆ ಮುಂಚೆ, ಸಂಕ್ರಾಂತಿಗೇ ಬೆಸೆದದ್ದು ಎನ್ನಲು ನಿಮ್ಮ ಮಾತೊಂದೇ ಆಧಾರ."

ಯಾವ ಹಗ್ಗ ಹಿಡಿದು ಮೇಲೆ ಬರಬೇಕೋ ಅದೇ ಹಗ್ಗ ಕುತ್ತಿಗೆಗೆ ಸುತ್ತಿಕೊಂಡಿತ್ತು. ಆದರೂ ಹೇಳಲೇಬೇಕು, ಹೇಳಿದಳು.

"ಬೆಳ್ಳಿ ಎಷ್ಟ ಹಳೇದಂತ ಪರೀಕ್ಷಾ ಮಾಡಬಹುದಲ್ಲಾ ಅಂತ ಕೇಳ್ರಿ," ಪವಿ ಅಂಗಲಾಚಿದಳು.

"ಕಳಿಸುತ್ತೇವೆ. ವರದಿಗೆ ಮೂರು ವಾರ. ನ್ಯಾಯಾಧೀಶರು ನಾಳೆ ಒಂಬತ್ತಕ್ಕೆ."

ಕಿಟಕಿಯಾಚೆ ಟ್ರಾಮು ಗಂಟೆ ಬಾರಿಸಿಕೊಂಡು ಹೋಯಿತು. ಫೆಬ್ರವರಿಯ ಬಿಸಿಲು ಇದ್ದೂ ಇಲ್ಲದಂತಿತ್ತು. ಪವಿ ಗೋಡೆ ನೋಡುತ್ತ ಕುಳಿತವಳು ಥಟ್ಟನೆ ತಲೆಯೆತ್ತಿದಳು.

"ನನ್ನ ಜಡಿಬಿಲ್ಲಿ ಐತಲ್ರೀ! ಲಗ್ನದಾಗ ಅಪ್ಪ ಮಾಡಿ ಕೊಟ್ಟದ್ದು. ಎರಡು ವರ್ಷ ಆತು. ಅದರಾಗೂ ಇದ ಎಲಿ, ಮೂರು ರವಾ. ಅದನ್ನ ನೋಡಿದ್ರ ಎಲಿ ಯಾರದು ಅಂತ ಗೊತ್ತಾಗೂದಿಲ್ಲೇನ್ರಿ?"

"ಎಲ್ಲಿದೆ?"

"ಮನ್ಯಾಗ. ತೊಗರಿಬ್ಯಾಳಿ ಡಬ್ಬ್ಯಾಗ."

ಅಕ್ಕಿಯಲ್ಲಿ ಕಡ್ಡಿ ಸಿಕ್ಕ ಸಂತೋಷದಲ್ಲಿ ಪೊಲೀಸರು ಪಕ್ಕದ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಹೆಸ್ಸೆಲ್ ಮೊದಲ ಬಾರಿಗೆ ಸ್ವಲ್ಪ ಕೆಂಪಾದ.

ಗ್ರೇಸಳಿಗೆ ಆ ಜಡೆಬಿಲ್ಲೆ ಕಣ್ಣಿಗೆ ಕಟ್ಟಿದಂತಿತ್ತು. ಹೋದ ನವೆಂಬರಿನಲ್ಲಿ ಬಾಡಿಗೆ ಹಾಲಿನಲ್ಲಿ ಕನ್ನಡ ರಾಜ್ಯೋತ್ಸವ. ಅಧ್ಯಕ್ಷರ ಭಾಷಣ ಒಂದು ಗಂಟೆಯ ಮೇಲೆ ನಡೆದಿತ್ತು. ಮುಂದಿನ ಸಾಲಿನಲ್ಲಿ ಪವಿ, ಹಿಂದೆ ಗ್ರೇಸ್. ನೋಡಲು ಬೇರೇನೂ ಇಲ್ಲದೆ ಆ ಹೆರಳಿನ ಬಿಲ್ಲೆಯನ್ನೇ ನೋಡುತ್ತ, ಎಲೆಯ ಹಲ್ಲುಗಳನ್ನು ಎಣಿಸುತ್ತ ಕುಳಿತಿದ್ದಳು. ಎಲೆ ಇತ್ತು. ಮೂರು ರವೆಯೂ ಇತ್ತು. ಪ್ರಮಾಣ ಮಾಡಿ ಹೇಳಬಲ್ಲಳು.

"ಹೆರ್ ಹೆಸ್ಸೆಲ್," ಅಂದಳು, ಎಚ್ಚರದಿಂದ. "ಒಂದು ನಿಯಮ ಕೇಳಬೇಕಿತ್ತು. ವಿಷಯ ದುಭಾಷಿಗೇ ಗೊತ್ತಿದ್ದರೆ?"

"ಆಗ ಅವರು ಸಾಕ್ಷಿ. ಸಾಕ್ಷಿಯಾದವರು ದುಭಾಷಿಯಾಗಿ ಕೂರುವಂತಿಲ್ಲ. ಬೇರೆಯವರನ್ನು ಕರೆಸಬೇಕು." ಅವನು ಅವಳನ್ನೇ ನೋಡಿದ. "ಯಾಕೆ ಕೇಳಿದಿರಿ?"

ಬೇರೆ ಕನ್ನಡ ದುಭಾಷಿ ಇದ್ದದ್ದು ಹ್ಯಾನೋವರ್‌ನಲ್ಲಿ ಒಬ್ಬರು, ರಾಮದಾಸ್. ಅವರು ತಿಂಗಳ ಕೊನೆಯವರೆಗೆ ಉಡುಪಿಯಲ್ಲಿ. ನಾಳೆ ನ್ಯಾಯಾಧೀಶರ ಮುಂದೆ ಪವಿಗೆ ಹಿಂದಿಯವರನ್ನು ಕೂರಿಸುತ್ತಾರೆ. ಪವಿಯ ಹಿಂದಿ ಸಂತೆಯಲ್ಲಿ ಉಳ್ಳಾಗಡ್ಡಿ ಕೊಳ್ಳುವಷ್ಟು. ಗ್ರೇಸ್ ಸತ್ಯ ಹೇಳಿದರೆ ಪವಿಗೆ ಬಾಯಿಯೇ ಇಲ್ಲ. ಪವಿಗೆ ಬಾಯಾದರೆ ಗ್ರೇಸಳಿಗೆ ಸತ್ಯ ಹೇಳುವಂತಿಲ್ಲ.

"ಸುಮ್ಮನೆ ಕೇಳಿದೆ," ಅಂದಳು. ಬಿಲ್ಲೆ ಬಂದರೆ ಆಯಿತಲ್ಲ. ಬಿಲ್ಲೆಯೇ ಮಾತಾಡುತ್ತದೆ.

"ಗಂಡನಿಗೆ ಫೋನ್ ಮಾಡೋಣ," ಅಂದ ಹೆಸ್ಸೆಲ್. "ಸ್ಪೀಕರ್‌ನಲ್ಲಿ. ಜಡೆಯ ಒಡವೆ ತರಲಿ ಅಂತಷ್ಟೇ ಹೇಳಿ. ಅದರ ಮೇಲೆ ಏನಿದೆ ಎಂಬ ಮಾತು ಮಾತ್ರ ಎತ್ತಬೇಡಿ. ಈ ಎಲೆಯ ಸುದ್ದಿ ಈ ಕೋಣೆಯಲ್ಲಿರುವ ನಾಲ್ಕು ಜನಕ್ಕಷ್ಟೇ ಗೊತ್ತಿರಲಿ. ನಾನೇ ನೋಡಿ ತೀರ್ಮಾನಿಸುತ್ತೇನೆ."

ಅಪರೂಪಕ್ಕೆ ಒಂದು ನ್ಯಾಯವಾದ ಮಾತು. ಗ್ರೇಸ್ ಅದನ್ನು ಪವಿಗೆ ಹೇಳಿದಳು. ಪವಿ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು, ಗಂಡ ಎದುರಿಗೇ ಬರುವನೇನೋ ಎಂಬಂತೆ.

ಎರಡು ರಿಂಗಿಗೇ ಸುನಿಲಕುಮಾರ ಎತ್ತಿದ.

"ಸುನಿಲ್, ನಾನು ಗ್ರೇಸ್ ಲೋಬೋ ಮಾತಾಡುವುದು. ಪೊಲೀಸ್ ಆಫೀಸಿಂದ. ಪವಿಯ ಜಡೆಬಿಲ್ಲೆ ಉಂಟಲ್ಲ, ಅದನ್ನು ಈಗಲೇ ಇಲ್ಲಿಗೆ ತರಬೇಕಂತೆ. ತೊಗರಿಬೇಳೆ ಡಬ್ಬಿಯಲ್ಲಿ ಉಂಟು ಅಂತ ಹೇಳ್ತಾಳೆ."

ಆ ಕಡೆ ಯಾರೋ ಕುರ್ಚಿ ಎಳೆದ ಸದ್ದು.

"ಜಡಿಬಿಲ್ಲಿ?" ಅಂದ ಸುನಿಲಕುಮಾರ. "ಬೇವಿನ ಎಲಿದು? ಇಲ್ರಿ ಆಂಟಿ. ಅಂಥಾದ್ದು ನಮ್ಮ ಮನ್ಯಾಗ ಯಾವದೂ ಇಲ್ಲ. ಪವಿ ಭಾಳ ಡಿಸ್ಟರ್ಬ್ ಆಗ್ಯಾಳ. ಆಕಿ ಮಾತು ಸೀರಿಯಸ್ ತಗೋಬ್ಯಾಡ್ರಿ. ಪ್ಲೀಸ್, ಪೊಲೀಸರಿಗೂ ಹಂಗ ಹೇಳ್ರಿ."

ಫೋನು ಕಟ್ಟಾಯಿತು.

ಎಲೆಯ ಮಾತು ಅವಳು ಎತ್ತಿರಲಿಲ್ಲ. ಬಿಲ್ಲೆ ಇಲ್ಲವೇ ಇಲ್ಲ ಎನ್ನುವವನಿಗೆ ಅದರ ಮೇಲಿನ ಎಲೆ ಹೇಗೆ ಕಂಡಿತು? ಇವತ್ತು ಈ ಕೋಣೆಯಲ್ಲಿ ಎಲೆಗೆ ಬೆಲೆ ಬಂದಿದೆ ಎಂದು ಅವನ ಕಿವಿಗೆ ಹಾಕಿದವರು ಯಾರು? ಪವಿ ಎಲೆ ತೋರಿಸಿ ಕೂಗಿದ್ದನ್ನು ಕಂಡು ಹೊರಗೆ ಹೋದ ತಾಂಗ್‌ನ ಜೇಬಿನಲ್ಲೂ ಒಂದು ಫೋನು ಇರಬೇಕು. ಪವಿ ಬೆಸೆದ ಕಡ್ಡಿಯನ್ನು ಹತ್ತಿರದಿಂದ ನೋಡಿ, ಫೋಟೊ ತೆಗೆದು ತಾಂಗ್‌ಗೆ ಕಳಿಸಬಲ್ಲವನು ಪವಿಯ ಮನೆಯಲ್ಲೇ ಒಬ್ಬನಿದ್ದ. ಸೋಮವಾರ ಸಂಜೆ ಮನೆಯಲ್ಲೇ ಇದ್ದವನು. ವಕೀಲರು ಬೇಡ ಅಂದವನು.

ಅವನ ಮಾತನ್ನು ಇದ್ದದ್ದು ಇದ್ದಂತೆ ಜರ್ಮನ್‌ಗೆ ಹೇಳಿದರೆ ಸಾಕು. ಎಲೆಯ ಮಾತು ಎತ್ತಬೇಡಿ ಎಂದವನೇ ಹೆಸ್ಸೆಲ್, ಅವನ ಕಿವಿಗೆ ಆ ಎಲೆ ಬೀಳದೆ ಇರುವುದಿಲ್ಲ. ಸರಕಾರಕ್ಕೆ ಕೊಟ್ಟ ಬಾಯಿ ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಉಪಯೋಗಕ್ಕೆ ಬರಲಿದೆ.

ಅವಳು ಪವಿಯ ಕಡೆ ತಿರುಗಿದಳು. ತಿರುಗಬಾರದಿತ್ತು.

ತನ್ನ ಗಂಡನೇ ಎಂದು ಪವಿಗೂ ಅರ್ಥವಾಗಿತ್ತು. ಅವಳು ಅಳಲಿಲ್ಲ. ಮೇಜಿನ ಮೇಲಿನ ಕಡ್ಡಿಯನ್ನು, ತಾನು ಬೆಸುಗೆ ಹಾಕಿದ ಜಾಗವನ್ನು, ಅದು ಸಡಿಲವಾಗಿದ್ದ ಜಾಗವನ್ನು ನೋಡುತ್ತಿದ್ದಳು.

"ಏನಂದರು?" ಹೆಸ್ಸೆಲ್ ಕೇಳಿದ.

"ಅಕ್ಕಾರ," ಪವಿ ಗ್ರೇಸಳ ಮಣಿಕಟ್ಟು ಹಿಡಿದಳು. "ಅವರು ಅಂದದ್ದು ಹೇಳಬ್ಯಾಡ್ರಿ."

"ಹೇಳದೆ ಆಗುವುದಿಲ್ಲ ಮಾರಾಯ್ತಿ! ಹೇಳಿದರೇ ನೀನು ಮನೆಗೆ ಹೋಗುವುದು!"

"ಯಾವ ಮನಿಗ್ರಿ?"

"ಫ್ರೌ ಲೋಬೋ," ಹೆಸ್ಸೆಲ್ ಪೆನ್ನಿನಿಂದ ಮೇಜು ಕುಟ್ಟಿದ. "ನೀವು ಇಲ್ಲಿ ಮಾತಾಡಲು ಬಂದವರಲ್ಲ. ಅನುವಾದ ಮಾಡಿ."

"ಭಿನ್ನ ಆದದ್ದನ್ನ ಬೆಸೀಬೇಕ್ರಿ ಅಕ್ಕಾರ. ನನಗ ಅದೊಂದ ಕೆಲಸ ಬರ್ತದ," ಅಂದಳು ಪವಿ, ತೀರ ಮೆಲ್ಲಗೆ.

ಗ್ರೇಸ್ ಹೆಸ್ಸೆಲ್ ಕಡೆ ತಿರುಗಿ ಬಾಯಿ ತೆರೆದಳು. ಸುನಿಲಕುಮಾರನ ಮೊದಲ ಪದ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಕ್ಕದ ಕುರ್ಚಿ ಸರಿಯಿತು.

ಪವಿ ಎದ್ದು ನಿಂತಿದ್ದಳು. ಬೆಳಿಗ್ಗೆಯಿಂದ ಒಮ್ಮೆಯೂ ಹೆಸ್ಸೆಲ್‌ನ ಮುಖ ನೋಡದವಳು ಈಗ ನೇರ ಅವನ ಕಣ್ಣಲ್ಲಿ ಕಣ್ಣಿಟ್ಟಿದ್ದಳು.

"ಇಷ್," ಅಂದಳು. ನಾನು. ಅವಳಿಗೆ ಬರುತ್ತಿದ್ದ ಹತ್ತು ಜರ್ಮನ್ ಪದಗಳಲ್ಲಿ ಅದೊಂದು. "ಇಷ್. ಫ್ರೌ ಶೆನ್."

ಆಮೇಲೆ, ಆಯಿಯ ಜೊತೆ ವರ್ಷವಿಡೀ ಮಾತಾಡಿದ ಹಾಗೆಯೇ, ಎರಡೂ ಅಂಗೈ ಎದೆಯ ಮಟ್ಟಕ್ಕೆ ಎತ್ತಿ, ಮೆಟ್ಟಿಲ ಮೇಲೆ ಯಾರೋ ನಿಂತಿರುವರೋ ಎಂಬಂತೆ ಗಾಳಿಯನ್ನು ಮುಂದಕ್ಕೆ ತಳ್ಳಿದಳು.

ಅದಕ್ಕೆ ದುಭಾಷಿ ಬೇಕಿರಲಿಲ್ಲ. ಗ್ರೇಸ್ ತೆರೆದ ಬಾಯಿ ಮುಚ್ಚುವ ಮೊದಲೇ ಮೂಲೆಯಲ್ಲಿದ್ದ ಹುಡುಗಿ ಟೈಪ್ ಮಾಡತೊಡಗಿದ್ದಳು.